ಕಾಣದ ಹೊಗೆಯ ತೂಕ

ಮನೆಯ ತಾರಸಿಗೆ ಸೋಲಾರ್ ಹಾಕಿಸಲು ಹೊರಟವರ ಕೈಗೆ ಅಂಗಡಿಯವರು ಒಂದು ಕರಪತ್ರ ಕೊಡುತ್ತಾರೆ. ಸಬ್ಸಿಡಿ ಎಷ್ಟು, ಬಿಲ್ಲು ಎಷ್ಟು ಇಳಿಯುತ್ತದೆ ಎಂಬ ಲೆಕ್ಕದ ಕೆಳಗೆ ಒಂದು ಹಸಿರೆಲೆಯ ಚಿತ್ರ, ಅದರ ಪಕ್ಕದಲ್ಲಿ ಒಂದು ಸಾಲು: 3 ಕಿಲೋವ್ಯಾಟ್‌ನ ಫಲಕಗಳು ವರ್ಷಕ್ಕೆ ಸುಮಾರು 3 ಟನ್ ಕಾರ್ಬನ್ ಡೈಆಕ್ಸೈಡ್ ತಪ್ಪಿಸುತ್ತವೆ. ಸಬ್ಸಿಡಿಯ ಬಗ್ಗೆ ನಾವು ಹತ್ತು ಸಲ ಕೇಳುತ್ತೇವೆ. ಈ 3 ಟನ್ ಎಲ್ಲಿಂದ ಬಂತು ಎಂದು ಕೇಳುವವರು ಅಪರೂಪ. ಬಣ್ಣವಿಲ್ಲದ, ವಾಸನೆಯಿಲ್ಲದ, ಹಿಡಿಯಲು ಸಿಗದ ಅನಿಲ ಅದು. ಸಾಲದ್ದಕ್ಕೆ ಇಲ್ಲಿ ಹೇಳುತ್ತಿರುವುದು ಹುಟ್ಟದೇ ಉಳಿದ ಅನಿಲದ ಮಾತು. ಅದನ್ನು ತೂಗಿದವರು ಯಾರು? ಯಾವ ತಕ್ಕಡಿಯಲ್ಲಿ?

ವಿದ್ಯುತ್ ಕಂಪನಿಗಳ ವಾರ್ಷಿಕ ವರದಿ ತೆರೆದರೆ ಇದೇ ಪ್ರಶ್ನೆ ಇನ್ನೂ ದೊಡ್ಡದಾಗುತ್ತದೆ. ಇಷ್ಟು ಲಕ್ಷ ಟನ್ ಹೊರಹೋಯಿತು, ಇಂಥ ಇಸವಿಗೆ ಇಷ್ಟು ಇಳಿಸುತ್ತೇವೆ, ಇಂಥ ಇಸವಿಗೆ ಸೊನ್ನೆ ಮಾಡುತ್ತೇವೆ ಎಂದು ಪುಟಗಟ್ಟಲೆ ಬರೆದಿರುತ್ತಾರೆ. ಅದರ ಜೊತೆಗೆ ಅಗಲವಾದ ಗೋಪುರದಿಂದ ಬೆಳ್ಳಗೆ ಏಳುತ್ತಿರುವ ಮೋಡದ ಚಿತ್ರವನ್ನೂ ಹಾಕಿರುತ್ತಾರೆ. ಆ ಬಿಳಿ ಮೋಡ ಬರೀ ನೀರಾವಿ. ಯಂತ್ರಕ್ಕೆ ಬೇಕಾದ ನೀರನ್ನು ತಣಿಸುವ ಗೋಪುರದಿಂದ ಏಳುವಂಥದ್ದು. ಪಕ್ಕದ ತೆಳ್ಳಗಿನ ಚಿಮಣಿಯಿಂದ ಕೆಲವೊಮ್ಮೆ ಕಾಣುವ ಕಂದುಬಣ್ಣ ಬೂದಿಯದು. ಭೂಮಿಯನ್ನು ಬಿಸಿ ಮಾಡುವ ಅನಿಲ ಫೋಟೋದಲ್ಲಿ ಬರುವುದೇ ಇಲ್ಲ.

ತಕ್ಕಡಿ ಇರುವುದು ನೆಲದ ಮೇಲೆ

ಇನ್ನೂರು ಮೀಟರ್ ದಾಟಿದ ಚಿಮಣಿಯ ತುದಿಗೆ ಹೋಗಿ ಅನಿಲ ತೂಗುವ ಕಷ್ಟವನ್ನು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ಚಿಮಣಿಯಲ್ಲಿ ಕೂರಿಸಿದ ಉಪಕರಣಗಳು ಮುಖ್ಯವಾಗಿ ಗಂಧಕದ ಅನಿಲ, ಸಾರಜನಕದ ಅನಿಲ, ದೂಳು ಇವುಗಳನ್ನು ಅಳೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸುತ್ತವೆ. ಅಮೆರಿಕದಲ್ಲಿ 1990ರ ವಾಯು ಕಾಯ್ದೆಯ ತಿದ್ದುಪಡಿ ಆದಮೇಲೆ ದೊಡ್ಡ ಸ್ಥಾವರಗಳ ಕಾರ್ಬನ್ ಡೈಆಕ್ಸೈಡನ್ನೂ ಚಿಮಣಿಯಲ್ಲೇ ಗಂಟೆಗಂಟೆಗೆ ದಾಖಲಿಸುತ್ತಾರೆ. ನಮ್ಮಲ್ಲಿ, ಮತ್ತು ಪ್ರಪಂಚದ ಬಹುಪಾಲು ಕಡೆ, ಲೆಕ್ಕ ಶುರುವಾಗುವುದು ಚಿಮಣಿಯ ಬಾಯಲ್ಲಲ್ಲ, ಒಲೆಯ ಬಾಯಲ್ಲಿ.

ಕಾರಣ ಸರಳ. ಇಂಗಾಲದ ಒಂದೇ ಒಂದು ಪರಮಾಣುವೂ ಬೆಂಕಿಯಲ್ಲಿ ನಾಶವಾಗುವುದಿಲ್ಲ. ಒಲೆಗೆ ಹೋದ ಇಂಗಾಲ ಎರಡೇ ದಾರಿಯಲ್ಲಿ ಹೊರಬರಬೇಕು: ಸುಡದೇ ಉಳಿದದ್ದು ಬೂದಿಯ ಜೊತೆ, ಸುಟ್ಟದ್ದು ಅನಿಲವಾಗಿ. ಹೋದದ್ದು ಎಷ್ಟು, ಬೂದಿಯಲ್ಲಿ ಉಳಿದದ್ದು ಎಷ್ಟು ಎಂದು ಗೊತ್ತಾದರೆ ಮಿಕ್ಕಿದ್ದು ಆಕಾಶಕ್ಕೆ. ಬೂದಿಯಲ್ಲಿ ಉಳಿಯುವುದು ನೂರಕ್ಕೆ ಒಂದೆರಡು ಪಾಲು ಮಾತ್ರ.

ಇಲ್ಲಿ ಹೊಸಬರಿಗೆ ಒಂದು ತೊಡಕು ಎದುರಾಗುತ್ತದೆ. ಒಂದು ಟನ್ ಕಲ್ಲಿದ್ದಲು ಸುಟ್ಟರೆ ಸುಮಾರು 1.4 ಟನ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಮೇಲೆ ಮೂರೂವರೆ ಕ್ವಿಂಟಲ್‌ಗೂ ಹೆಚ್ಚು ಬೂದಿ ಬೇರೆ ಉಳಿಯುತ್ತದೆ. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದೇ ಭಾರ! ಹೆಚ್ಚುವರಿ ತೂಕ ಗಾಳಿಯದು. ಇಂಗಾಲದ ಪರಮಾಣುವಿನ ತೂಕ 12 ಎಂದಿಟ್ಟುಕೊಂಡರೆ ಆಮ್ಲಜನಕದ್ದು 16. ಒಂದು ಇಂಗಾಲ ಎರಡು ಆಮ್ಲಜನಕವನ್ನು ಹಿಡಿದುಕೊಂಡು ಹೊರಡುತ್ತದೆ, ಹಾಗಾಗಿ 12 ಇದ್ದದ್ದು 44 ಆಗುತ್ತದೆ. ಒಂದು ಕಿಲೋ ಇಂಗಾಲ ಮೂರೂವರೆ ಕಿಲೋಗಿಂತ ತುಸು ಹೆಚ್ಚು ಅನಿಲವಾಗುವುದು ಹೀಗೆ. ನಮ್ಮ ನೆಲದ ಕಲ್ಲಿದ್ದಲಿನಲ್ಲಿ ಇಂಗಾಲ ನೂರಕ್ಕೆ ನಲವತ್ತರ ಒಳಗೆ. ಹೆಚ್ಚುಕಡಿಮೆ ಅಷ್ಟೇ ಬೂದಿ. ಉಳಿದದ್ದು ತೇವ ಮತ್ತಿತರ ವಸ್ತು. ಬೂದಿ ಹೆಚ್ಚಿರುವ ಕಲ್ಲಿದ್ದಲನ್ನು ರೈಲಿನಲ್ಲಿ ಸಾವಿರ ಕಿಲೋಮೀಟರ್ ಹೊತ್ತು ತರುವುದೆಂದರೆ ಅರ್ಧ ರೈಲು ಮಣ್ಣು ಹೊತ್ತು ತಂದ ಹಾಗೆ ಎಂದು ಸ್ಥಾವರದವರು ಗೊಣಗುವುದು ಸುಳ್ಳಲ್ಲ.

ಒಂದು ರೇಕ್, ಒಂದು ದಿನ

ರಾಯಚೂರಿನ ಹತ್ತಿರ ಕೃಷ್ಣಾ ನದಿಯ ದಂಡೆಯ ಶಕ್ತಿನಗರಕ್ಕೆ ಬನ್ನಿ. ಕರ್ನಾಟಕ ವಿದ್ಯುತ್ ನಿಗಮದ ಕಲ್ಲಿದ್ದಲು ಸ್ಥಾವರ ಆರ್‌ಟಿಪಿಎಸ್ ಇರುವುದು ಇಲ್ಲಿ. 1985ರಲ್ಲಿ ಮೊದಲ ಘಟಕ ಶುರುವಾಯಿತು. ಈಗ 210 ಮೆಗಾವ್ಯಾಟ್‌ನ ಏಳು, 250 ಮೆಗಾವ್ಯಾಟ್‌ನ ಒಂದು, ಒಟ್ಟು 1,720 ಮೆಗಾವ್ಯಾಟ್. ಕಲ್ಲಿದ್ದಲು ಬರುವುದು ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾ ಮತ್ತು ಮಹಾರಾಷ್ಟ್ರದ ಗಣಿಗಳಿಂದ. ಒಂದು ರೇಕ್ ಎಂದರೆ ಐವತ್ತೆಂಟೋ ಐವತ್ತೊಂಬತ್ತೋ ವ್ಯಾಗನ್, ನಾಲ್ಕು ಸಾವಿರ ಟನ್‌ಗೆ ಸ್ವಲ್ಪ ಕಡಿಮೆ. ತೂಕಸೇತುವೆಯ ಮೇಲೆ ಹಾಯುವಾಗಲೇ ಒಂದೊಂದು ವ್ಯಾಗನ್ನಿನ ತೂಕ ದಾಖಲಾಗುತ್ತದೆ. ಟಿಪ್ಲರ್ ಎಂಬ ಯಂತ್ರ ವ್ಯಾಗನ್ನನ್ನು ಇಡಿಯಾಗಿ ಅಪ್ಪಿ ಹಿಡಿದು ಮಗುಚುತ್ತದೆ.

ತೂಕ ಸಿಕ್ಕಿತು. ಅದರಲ್ಲಿ ಇಂಗಾಲ ಎಷ್ಟು? ಒಂದು ರೇಕಿನ ಕಲ್ಲಿದ್ದಲು ಇನ್ನೊಂದರಂತೆ ಇರುವುದಿಲ್ಲ. ಹಾಗಾಗಿ ಅಲ್ಲಲ್ಲಿ ಮಾದರಿ ತೆಗೆದು, ಕುಟ್ಟಿ, ರಾಶಿ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿ, ಮತ್ತೆ ಕುಟ್ಟಿ, ಕೊನೆಗೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಾದ ಪುಡಿಯನ್ನು ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಅಲ್ಲಿ ದಪ್ಪ ಗೋಡೆಯ ಒಂದು ಉಕ್ಕಿನ ಪಾತ್ರೆ ಇದೆ. ಅದನ್ನು ಬಾಂಬ್ ಎಂದೇ ಕರೆಯುತ್ತಾರೆ. ಅದರೊಳಗಿನ ಪುಟ್ಟ ಬಟ್ಟಲಿನಲ್ಲಿ ಸುಮಾರು ಒಂದು ಗ್ರಾಂ ಪುಡಿ. ಅದನ್ನು ಮುಟ್ಟುವಂತೆ ಕೂದಲೆಳೆಯಂಥ ತಂತಿ. ಮುಚ್ಚಳ ಬಿಗಿದು, ಹೊರಗಿನ ಗಾಳಿಗಿಂತ ಮೂವತ್ತು ಪಟ್ಟು ಒತ್ತಡದಲ್ಲಿ ಆಮ್ಲಜನಕ ತುಂಬಿ, ಇಡೀ ಪಾತ್ರೆಯನ್ನು ನೀರಿನಲ್ಲಿ ಮುಳುಗಿಸುತ್ತಾರೆ. ಗುಂಡಿ ಒತ್ತಿದರೆ ತಂತಿ ಕಾದು ಪುಡಿ ಕ್ಷಣದಲ್ಲಿ ಉರಿದುಹೋಗುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ಹೊರಗಿನ ನೀರು ಒಂದೆರಡು ಡಿಗ್ರಿ ಬಿಸಿಯಾಗುತ್ತದೆ, ಅಷ್ಟೇ. ಆ ಒಂದೆರಡು ಡಿಗ್ರಿಯಲ್ಲಿ ನಾಲ್ಕು ಸಾವಿರ ಟನ್ನಿನ ಜಾತಕ ಇದೆ.

ಅಳೆದದ್ದು ಶಾಖವನ್ನು, ನಮಗೆ ಬೇಕಾದದ್ದು ಇಂಗಾಲ. ಆದರೆ ಕಲ್ಲಿದ್ದಲಿನ ಶಾಖದ ಬಹುಪಾಲು ಇಂಗಾಲದಿಂದಲೇ ಬರುವುದರಿಂದ ಎರಡೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದ ಪ್ರಕಾರ ಭಾರತದ ಕಲ್ಲಿದ್ದಲಿನಿಂದ ಸಾವಿರ ಕಿಲೋಕ್ಯಾಲರಿ ಶಾಖ ಪಡೆದರೆ ಸುಮಾರು 380 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಕಿಲೋಗೆ 3,700 ಕಿಲೋಕ್ಯಾಲರಿ ಇರುವ ಕಲ್ಲಿದ್ದಲಾದರೆ 1.4 ಕಿಲೋ ಅನಿಲ. ಮೇಲೆ ಹೇಳಿದ ಅಂಕಿ ಬಂದದ್ದು ಹೀಗೆ.

ಈ ಶಾಖದ ಅಂಕಿಯನ್ನು ನಂಬಬಹುದೇ? ನನ್ನ ಮಟ್ಟಿಗೆ, ಪರಿಸರ ವರದಿಯ ಬೇರೆ ಎಷ್ಟೋ ಅಂಕಿಗಳಿಗಿಂತ ಹೆಚ್ಚು ನಂಬಬಹುದು, ಯಾಕೆಂದರೆ ಇದರಲ್ಲಿ ದುಡ್ಡಿದೆ. ಕಲ್ಲಿದ್ದಲಿಗೆ ಜಿ-1ರಿಂದ ಜಿ-17ರವರೆಗೆ ದರ್ಜೆ ಕಟ್ಟಿರುವುದು ಇದೇ ಶಾಖದ ಮೇಲೆ. ದರ್ಜೆಯ ಮೇಲೆ ಬೆಲೆ. ಗಣಿಯವರು ಒಂದು ದರ್ಜೆ ಹೇಳುತ್ತಾರೆ, ಸ್ಥಾವರದವರು ಅದು ಎರಡು ಮೆಟ್ಟಿಲು ಕೆಳಗಿನದು ಎನ್ನುತ್ತಾರೆ, ಮೂರನೆಯವರನ್ನು ಕರೆಸಿ ಮಾದರಿ ತೆಗೆಸುತ್ತಾರೆ. ಎರಡೂ ಕಡೆಯವರು ಹದ್ದಿನ ಕಣ್ಣಿಟ್ಟಿರುವ ಅಂಕಿ ಇದು. ಇಂಗಾಲದ ಲೆಕ್ಕ ಈ ಜಗಳದ ಬೆನ್ನೇರಿ ಬರುತ್ತದೆ.

ಈಗ ಕೂಡಿಸಿ ನೋಡೋಣ. 210 ಮೆಗಾವ್ಯಾಟ್‌ನ ಒಂದು ಘಟಕ ಇಡೀ ದಿನ ಪೂರ್ತಿ ಓಡಿದರೆ 50 ಲಕ್ಷ ಯೂನಿಟ್. ಹಳೆಯ ಘಟಕದಲ್ಲಿ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ಅಂದರೆ ದಿನಕ್ಕೆ 3,500 ಟನ್, ಹತ್ತಿರ ಹತ್ತಿರ ಒಂದು ರೇಕ್. ಹೊರಹೋಗುವ ಅನಿಲ ಸುಮಾರು 5,000 ಟನ್. ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋ. ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭದ ಅಂಕಿ ಈ ವಿಷಯದಲ್ಲಿ ಇನ್ನೊಂದಿಲ್ಲ: ಕಲ್ಲಿದ್ದಲಿನ ಒಂದು ಯೂನಿಟ್, ಒಂದು ಕಿಲೋ.

ಸುಟ್ಟ ಶಾಖದಲ್ಲಿ ಮೂರನೇ ಒಂದು ಪಾಲು ಮಾತ್ರ ಕರೆಂಟಾಗುತ್ತದೆ. ಉಳಿದದ್ದು ಆ ಬಿಳಿ ಮೋಡದಲ್ಲಿ, ಚಿಮಣಿಯ ಬಿಸಿಯಲ್ಲಿ ಹೋಗುತ್ತದೆ. ಹುಟ್ಟಿದ ಕರೆಂಟಿನಲ್ಲೂ ನೂರಕ್ಕೆ ಎಂಟರಷ್ಟು ಸ್ಥಾವರದ ಸ್ವಂತ ಪಂಪು, ಫ್ಯಾನು, ಕಲ್ಲಿದ್ದಲು ಪುಡಿ ಮಾಡುವ ಗಿರಣಿಗಳಿಗೇ ಬೇಕು. ಪಕ್ಕದ ಯರಮರಸ್‌ನ 800 ಮೆಗಾವ್ಯಾಟ್ ಘಟಕಗಳಂಥ ಹೊಸ ಯಂತ್ರಗಳು ಹೆಚ್ಚು ಒತ್ತಡದ ಹಬೆಯಲ್ಲಿ ಓಡುವುದರಿಂದ ಅದೇ ಯೂನಿಟ್ಟನ್ನು ಕಡಿಮೆ ಕಲ್ಲಿದ್ದಲಿನಲ್ಲಿ ಕೊಡುತ್ತವೆ. ವ್ಯತ್ಯಾಸ ನೂರಕ್ಕೆ ಹತ್ತರ ಸುತ್ತಮುತ್ತ. ಸಣ್ಣದಲ್ಲ, ಪವಾಡವೂ ಅಲ್ಲ.

ಒಂದೇ ಟ್ಯಾಂಕರಿನ ಹಾಲು

ಹಾಗಾದರೆ ನಿಮ್ಮ ಮನೆಯ ಒಂದು ಯೂನಿಟ್ಟಿಗೆ ಎಷ್ಟು? ನಿಮಗೆ ಬರುವುದು ರಾಯಚೂರಿನ ಕರೆಂಟೇ, ಶರಾವತಿಯದೇ, ಕೈಗಾದ್ದೇ, ಪಾವಗಡದ್ದೇ?

ಊರಿನ ಹಾಲಿನ ಡೇರಿಯನ್ನು ನೆನಪಿಸಿಕೊಳ್ಳಿ. ಒಬ್ಬರು ಎಮ್ಮೆ ಹಾಲು ತರುತ್ತಾರೆ, ಇನ್ನೊಬ್ಬರು ಎಚ್‌ಎಫ್ ಹಸುವಿನದು, ಮತ್ತೊಬ್ಬರು ನಾಟಿ ಹಸುವಿನದು. ಒಬ್ಬೊಬ್ಬರ ಫ್ಯಾಟನ್ನೂ ಬೇರೆಬೇರೆ ಅಳೆದು ಬರೆದುಕೊಳ್ಳುತ್ತಾರೆ. ಆಮೇಲೆ ಎಲ್ಲವೂ ಒಂದೇ ಕ್ಯಾನು, ಒಂದೇ ಟ್ಯಾಂಕರು. ಪೇಟೆಯಲ್ಲಿ ಪ್ಯಾಕೆಟ್ ಕತ್ತರಿಸುವವರು ಇದು ಗೌರಮ್ಮನ ಎಮ್ಮೆಯದು ಎಂದು ಹೇಳಲು ಸಾಧ್ಯವಿಲ್ಲ. ಹೇಳಬಹುದಾದದ್ದು ಟ್ಯಾಂಕರಿನ ಸರಾಸರಿ ಫ್ಯಾಟ್ ಮಾತ್ರ. ವಿದ್ಯುತ್ ಜಾಲವೂ ಹಾಗೇ. ಒಂದೊಂದು ಸ್ಥಾವರದ ಬಾಗಿಲಲ್ಲಿ ಅಳತೆ ಇದೆ. ತಂತಿಗೆ ಬಿದ್ದಮೇಲೆ ಗುರುತಿಲ್ಲ. ದೇಶದಲ್ಲಿ ಒಂದು ವರ್ಷ ಜಾಲಕ್ಕೆ ಬಿದ್ದ ಎಲ್ಲ ಯೂನಿಟ್‌ಗಳಿಂದ, ಎಲ್ಲ ಸ್ಥಾವರಗಳ ಒಟ್ಟು ಅನಿಲವನ್ನು ಭಾಗಿಸಿದರೆ ಸಿಗುವ ಸರಾಸರಿಯನ್ನು ಜಾಲದ ದರ ಎನ್ನೋಣ.

ಈ ದರವನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ 2006ರಿಂದ ಪ್ರಕಟಿಸುತ್ತಾ ಬಂದಿದೆ. ಆಗ ಕ್ಯೋಟೋ ಒಪ್ಪಂದದ ಅಡಿಯಲ್ಲಿ ಕಾರ್ಬನ್ ಕ್ರೆಡಿಟ್ ಮಾರುವ ಭಾರತದ ಯೋಜನೆಗಳಿಗೆ ಒಂದು ಅಧಿಕೃತ ಅಂಕಿ ಬೇಕಾಗಿತ್ತು. ಕೆಲವು ವರ್ಷ ದಕ್ಷಿಣಕ್ಕೆ ಒಂದು, ಉಳಿದ ದೇಶಕ್ಕೆ ಇನ್ನೊಂದು ಅಂಕಿ ಇರುತ್ತಿತ್ತು, ಯಾಕೆಂದರೆ ಟ್ಯಾಂಕರುಗಳೇ ಬೇರೆ ಇದ್ದವು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಮಾರ್ಗ ಚಾಲೂ ಆಗಿ ದಕ್ಷಿಣದ ಜಾಲ ದೇಶದ ಜಾಲಕ್ಕೆ ಜೊತೆಗೂಡಿತು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಎಲ್ಲ ಜನರೇಟರುಗಳೂ ಒಂದೇ ಲಯದಲ್ಲಿ ತಿರುಗತೊಡಗಿದವು. ಆಮೇಲೆ ಇಡೀ ದೇಶಕ್ಕೆ ಒಂದೇ ದರ.

2022-23ಕ್ಕೆ ಆ ದರ ಯೂನಿಟ್ಟಿಗೆ 716 ಗ್ರಾಂ. 2023-24ಕ್ಕೆ 727. ವರ್ಷವಿಡೀ ಹೊಸ ಸೋಲಾರ್, ಹೊಸ ಗಾಳಿಯಂತ್ರ ಬಂದರೂ ಅಂಕಿ ಏರಿತಲ್ಲ ಎಂದು ಹುಬ್ಬೇರಿಸಬೇಡಿ. ಮಳೆ ಕೈಕೊಟ್ಟ ವರ್ಷ ಅದು. ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ. ಜಲಾಶಯಗಳು ಸೊರಗಿದವು, ಜಲವಿದ್ಯುತ್ ಕುಸಿಯಿತು, ಬೇಡಿಕೆ ಏರಿತು, ಆ ಕೊರತೆಯನ್ನು ಕಲ್ಲಿದ್ದಲು ತುಂಬಿತು.

ಕರಪತ್ರದ 3 ಟನ್ ಈಗ ತಾನಾಗಿ ಬಿಚ್ಚಿಕೊಳ್ಳುತ್ತದೆ. 3 ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 12 ಯೂನಿಟ್ ಕೊಟ್ಟರೆ ವರ್ಷಕ್ಕೆ 4,380. ಅದನ್ನು 727 ಗ್ರಾಂನಿಂದ ಗುಣಿಸಿದರೆ 3.2 ಟನ್. ಅಂಗಡಿಯವರು ಸುಳ್ಳು ಹೇಳಿಲ್ಲ. ಆದರೆ ಸರಾಸರಿಯೊಳಗೆ ಒಂದು ವಿಷಯ ಅಡಗಿ ಕೂತಿದೆ. ಮಧ್ಯಾಹ್ನ ಹನ್ನೆರಡಕ್ಕೆ ಪಾವಗಡದ ಸೋಲಾರ್ ಪಾರ್ಕಿನ 2,050 ಮೆಗಾವ್ಯಾಟ್ ದುಡಿಯುತ್ತಿರುವಾಗ ಜಾಲದ ಹಾಲು ತೆಳ್ಳಗಿರುತ್ತದೆ. ಸಂಜೆ ಏಳಕ್ಕೆ ಎಲ್ಲರ ಮನೆಯ ದೀಪ, ಟೀವಿ, ಗ್ರೈಂಡರ್ ಹೊತ್ತಿಕೊಂಡಾಗ ದಟ್ಟವಾಗುತ್ತದೆ. ನಿಮ್ಮ ಫಲಕ ಕೊಡುವುದು ಹಗಲಿನಲ್ಲಿ, ನೀವು ಬಳಸುವುದು ಹೆಚ್ಚಾಗಿ ಸಂಜೆ. ವಾರ್ಷಿಕ ಸರಾಸರಿಗೆ ಗಡಿಯಾರ ಗೊತ್ತಿಲ್ಲ.

ಗೆರೆ ಎಳೆಯುವ ಕೆಲಸ

ತೂಗುವುದು ಕಷ್ಟದ ಕೆಲಸವಲ್ಲ ಎಂದಾಯಿತು. ನಿಜವಾದ ಚೌಕಾಶಿ ನಡೆಯುವುದು ಅದು ಯಾರ ಖಾತೆಗೆ ಎಂಬಲ್ಲಿ.

ಪ್ರಪಂಚದ ಕಂಪನಿಗಳೆಲ್ಲ ಹೆಚ್ಚುಕಡಿಮೆ ಒಂದೇ ಪದ್ಧತಿಯಲ್ಲಿ ಈ ಖಾತೆ ಬರೆಯುತ್ತವೆ. 2001ರಲ್ಲಿ ಎರಡು ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ ಹೊರತಂದ ಜಿಎಚ್‌ಜಿ ಪ್ರೋಟೋಕಾಲ್ ಅದರ ಮೂಲ. ಅದರಲ್ಲಿ ಮೂರು ಆವರಣಗಳಿವೆ. ವರದಿಗಳಲ್ಲಿ ಸ್ಕೋಪ್ 1, 2, 3 ಎಂದು ಕಾಣುವುದು ಇವೇ. ಕಂಪನಿಯ ಸ್ವಂತ ಚಿಮಣಿ, ಸ್ವಂತ ಲಾರಿ, ಸ್ವಂತ ಡೀಸೆಲ್ ಜನರೇಟರ್ ಮೊದಲ ಆವರಣ. ಕೊಂಡು ಬಳಸಿದ ಕರೆಂಟು ಎರಡನೆಯದು. ಅದರ ಹೊರಗಿನದೆಲ್ಲ ಮೂರನೆಯದು: ಕೊಂಡ ಸಾಮಾನು ತಯಾರಾಗುವಾಗ, ಕಲ್ಲಿದ್ದಲು ಗಣಿಯಿಂದ ಮೀಥೇನ್ ಸೋರುವಾಗ, ಮಾರಿದ ಸರಕನ್ನು ಗಿರಾಕಿ ಬಳಸುವಾಗ ಹೊರಬಿದ್ದದ್ದು.

ಕರೆಂಟು ತಯಾರಿಸುವ ಕಂಪನಿಗೆ ಲೆಕ್ಕ ನೇರ. ಶಕ್ತಿನಗರದ ಚಿಮಣಿ ಮೊದಲ ಆವರಣದಲ್ಲಿ ಢಾಳಾಗಿ ಕೂತಿದೆ. ನಿಮಗೆ ಬಿಲ್ಲು ಕಳಿಸುವ ಹಂಚಿಕೆ ಕಂಪನಿಯ ವಿಚಾರ ಬೇರೆ. ಅದಕ್ಕೆ ಚಿಮಣಿಯೇ ಇಲ್ಲ. ಕೊಂಡು ಗಿರಾಕಿಗೆ ಮಾರಿದ ಕರೆಂಟಿನ ಅನಿಲ ಅದರ ಮೂರನೇ ಆವರಣಕ್ಕೆ ಹೋಗುತ್ತದೆ. ಎರಡನೇ ಆವರಣಕ್ಕೆ ಬರುವುದು ಅದರ ಕಚೇರಿಗಳ ಬಳಕೆ ಮತ್ತು ತಂತಿಯಲ್ಲಿ ಕಳೆದುಹೋದ ಕರೆಂಟು. ತಂತಿ ಅದರದು, ಆದ್ದರಿಂದ ತಂತಿಯಲ್ಲಿ ಶಾಖವಾಗಿ ಹೋದ ಯೂನಿಟ್ಟನ್ನು ಅದೇ ಬಳಸಿದ ಹಾಗೆ. ಹೀಗಾಗಿ ಮೊದಲ ಎರಡು ಆವರಣ ಮಾತ್ರ ತೋರಿಸುವ ಹಂಚಿಕೆ ಕಂಪನಿ ಕಾಗದದ ಮೇಲೆ ತುಂಬ ಸ್ವಚ್ಛವಾಗಿ ಕಾಣುತ್ತದೆ. ಅದು ಮಾರುವ ಸರಕಿನ ನಿಜವಾದ ಭಾರ ಮೂರನೇ ಪುಟದಲ್ಲಿದೆ. ನಮ್ಮ ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಪೇಟೆಯ ಮೊದಲ ಸಾವಿರ ಕಂಪನಿಗಳಿಗೆ ಬಿಆರ್‌ಎಸ್‌ಆರ್ ಎಂಬ ವರದಿ ಕಡ್ಡಾಯ ಮಾಡಿತು. ಅದರ ನಮೂನೆ ಮೂರನೇ ಆವರಣವನ್ನು ಐಚ್ಛಿಕ ಪ್ರಶ್ನೆಗಳ ಸಾಲಿಗೆ ಸೇರಿಸಿತು. ಐಚ್ಛಿಕ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಎಷ್ಟು ಜನ ಬರೆಯುತ್ತಾರೆ ಎಂದು ನಿಮಗೇ ಗೊತ್ತು.

ಸಬ್‌ಸ್ಟೇಷನ್ನಿನ ಒಂದು ಸಣ್ಣ ಸಂಗತಿಯನ್ನೂ ಹೇಳಿಬಿಡುತ್ತೇನೆ. ದೊಡ್ಡ ಸರ್ಕ್ಯೂಟ್ ಬ್ರೇಕರುಗಳೊಳಗೆ ಕಿಡಿ ಹಾರದಂತೆ ಎಸ್‌ಎಫ್-6 ಎಂಬ ಅನಿಲ ತುಂಬಿರುತ್ತಾರೆ. ಒಂದು ಕಿಲೋ ಎಸ್‌ಎಫ್-6 ನೂರು ವರ್ಷದ ಅವಧಿಯಲ್ಲಿ 23 ಸಾವಿರ ಕಿಲೋಗೂ ಹೆಚ್ಚು ಕಾರ್ಬನ್ ಡೈಆಕ್ಸೈಡಿನಷ್ಟು ಶಾಖ ಹಿಡಿಯುತ್ತದೆ. ಸೋರಿಕೆಯನ್ನು ಅಳೆಯುವುದು ಹೇಗೆ? ವರ್ಷದಲ್ಲಿ ಎಷ್ಟು ಸಿಲಿಂಡರ್ ಮರುತುಂಬಿಸಿದರು ಎಂದು ಸ್ಟೋರಿನ ಪುಸ್ತಕ ನೋಡಿದರೆ ಸಾಕು. ಹೊಸ ಉಪಕರಣಕ್ಕೆ ಹಾಕಿದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಗಾಳಿಗೆ ಹೋದದ್ದು. ಇಲ್ಲೂ ಅದೇ ಉಪಾಯ: ಹೊರಹೋದದ್ದನ್ನು ಹಿಡಿಯಲಾಗದಿದ್ದರೆ ಒಳಬಂದದ್ದನ್ನು ಎಣಿಸು.

ಒಂದೇ ಟನ್ ಅನಿಲ ಕರೆಂಟು ತಯಾರಕರ ಮೊದಲ ಪುಟದಲ್ಲೂ, ಕಾರ್ಖಾನೆಯ ಎರಡನೇ ಪುಟದಲ್ಲೂ, ಹಂಚಿಕೆದಾರರ ಮೂರನೇ ಪುಟದಲ್ಲೂ ಕಾಣಿಸಿಕೊಳ್ಳುವುದು ತಪ್ಪಲ್ಲ. ಮೂವರ ಕೈಯೂ ಅದರಲ್ಲಿದೆ. ಮೂವರ ಪುಟಗಳನ್ನು ಒಟ್ಟು ಕೂಡಬಾರದು, ಅಷ್ಟೇ.

ಮಾರಿದರೆ ಇಳಿಯುತ್ತದೆಯೇ?

ಗೆರೆಯನ್ನು ಸರಿಸಿದರೆ ಅಂಕಿ ಎಷ್ಟು ಸರಿಯುತ್ತದೆ ಎಂಬುದಕ್ಕೆ ಸ್ವೀಡನ್ನಿನ ವಾಟೆನ್‌ಫಾಲ್ ಕಂಪನಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸರ್ಕಾರಿ ಒಡೆತನದ ಈ ಕಂಪನಿಗೆ ಜರ್ಮನಿಯ ಪೂರ್ವದ ಲಾವ್‌ಸಿಟ್ಸ್ ಪ್ರದೇಶದಲ್ಲಿ ಕಂದು ಕಲ್ಲಿದ್ದಲಿನ ಗಣಿಗಳೂ ಯಾನ್ಶ್‌ವಾಲ್ಡೆಯಂಥ ದೈತ್ಯ ಸ್ಥಾವರಗಳೂ ಇದ್ದವು. ವರ್ಷಕ್ಕೆ 8 ಕೋಟಿ ಟನ್ನಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಕಂಪನಿಯ ಖಾತೆಯಲ್ಲಿ ಬೀಳುತ್ತಿತ್ತು. 2016ರಲ್ಲಿ ಆ ಗಣಿ, ಸ್ಥಾವರಗಳನ್ನೆಲ್ಲ ಜೆಕ್ ಗಣರಾಜ್ಯದ ಹೂಡಿಕೆದಾರರಿಗೆ ಮಾರಿತು. ಖಾತೆಯ ಅಂಕಿ ಎರಡೂವರೆ ಕೋಟಿ ಟನ್ನಿಗಿಂತ ಕೆಳಗಿಳಿಯಿತು. ಗಣಿಯ ಯಂತ್ರಗಳು ಅಗೆಯುವುದನ್ನು ನಿಲ್ಲಿಸಲಿಲ್ಲ. ಒಲೆಗಳು ಉರಿಯುತ್ತಲೇ ಇದ್ದವು. ಗೇಟಿನ ಮೇಲಿನ ಹೆಸರು ಬದಲಾಯಿತು. ಲೆಕ್ಕಪತ್ರದ ನಿಯಮದ ಪ್ರಕಾರ ಎಲ್ಲವೂ ಸರಿಯೇ. ಸ್ವೀಡನ್ನಿನಲ್ಲೇ ಈ ಮಾರಾಟಕ್ಕೆ ವಿರೋಧವೆದ್ದದ್ದು ಕೂಡ ಸರಿಯೇ ಎಂದು ನನ್ನ ಅಭಿಪ್ರಾಯ.

ಪಕ್ಕದ ಡೆನ್ಮಾರ್ಕಿನ ಓರ್ಸ್ಟೆಡ್ ಇನ್ನೊಂದು ದಾರಿ ಹಿಡಿಯಿತು. ಡಾಂಗ್ ಎನರ್ಜಿ ಎಂಬ ಹೆಸರಿನಲ್ಲಿ ಕಲ್ಲಿದ್ದಲು ಸುಡುತ್ತಿದ್ದ ಕಂಪನಿ, ಸಮುದ್ರದಲ್ಲಿ ಗಾಳಿಯಂತ್ರ ನೆಟ್ಟು, ಒಲೆಗಳಿಗೆ ಮರದ ತುಂಡು ಹಾಕಿ, 2024ರಲ್ಲಿ ಎಸ್ಬರ್ಗ್‌ನ ತನ್ನ ಕೊನೆಯ ಕಲ್ಲಿದ್ದಲು ಸ್ಥಾವರವನ್ನು ಮುಚ್ಚಿತು. ಅದೂ ಪೂರಾ ಚೊಕ್ಕ ಅಲ್ಲ: ತನ್ನ ತೈಲ ಮತ್ತು ಅನಿಲ ಬಾವಿಗಳನ್ನು 2017ರಲ್ಲಿ ಅದೂ ಮಾರಿತ್ತು. ಮರ ಸುಡುವುದರಲ್ಲೂ ಒಂದು ಲೆಕ್ಕದ ಅನುಕೂಲವಿದೆ. ಮರದ ಇಂಗಾಲವನ್ನು ಕಾಡು ಕಡಿದ ಕಡೆಯ ಭೂಬಳಕೆಯ ಖಾತೆಯಲ್ಲಿ ಬರೆಯಬೇಕೆಂಬುದು ಅಂತರರಾಷ್ಟ್ರೀಯ ನಿಯಮ; ಹಾಗಾಗಿ ಸ್ಥಾವರದ ಖಾತೆಯಲ್ಲಿ ಅದು ಸೊನ್ನೆ. ಕಲ್ಲಿದ್ದಲಿನ ಜೊತೆ ನೂರಕ್ಕೆ ಐದು ಪಾಲು ಕೃಷಿತ್ಯಾಜ್ಯದ ಗುಳಿಗೆ ಸುಡಬೇಕೆಂದು 2021ರಲ್ಲಿ ನಮ್ಮ ಕೇಂದ್ರ ಸರ್ಕಾರವೂ ಆದೇಶಿಸಿತು. ಹೇಗೂ ಗದ್ದೆಯಲ್ಲಿ ಸುಟ್ಟುಹೋಗುವ ಹುಲ್ಲಿಗೆ ಈ ಸೊನ್ನೆ ನ್ಯಾಯವೇ. ಬೆಳೆದು ನಿಂತ ಮರವನ್ನು ಕಡಿದು ಸುಟ್ಟರೆ, ಅಷ್ಟೇ ಮರ ಮತ್ತೆ ಬೆಳೆಯುವ ದಶಕಗಳವರೆಗೆ ಆ ಸೊನ್ನೆ ಸಾಲದ ಪತ್ರ.

ಮಾತು ಕೊಡುವ ಬಗೆಗಳು

ಇನ್ನು ಭರವಸೆಗಳ ಕಡೆ ನೋಡೋಣ. ಇವುಗಳ ಭಾಷೆ ಗಮನಿಸಿ ಓದಬೇಕು.

ಒಂದು ಕಂಪನಿ ಕಲ್ಲಿದ್ದಲಿನಿಂದ ವರ್ಷಕ್ಕೆ 100 ಕೋಟಿ ಯೂನಿಟ್ ಮಾಡುತ್ತದೆ ಎನ್ನಿ. ಹತ್ತು ಲಕ್ಷ ಟನ್ ಅನಿಲ, ಯೂನಿಟ್ಟಿಗೆ ಒಂದು ಕಿಲೋ. ಮುಂದೆ ಅದೇ ಕಂಪನಿ ಇನ್ನೂ 100 ಕೋಟಿ ಯೂನಿಟ್ ಸೋಲಾರ್ ಸೇರಿಸುತ್ತದೆ. ಯೂನಿಟ್‌ವಾರು ದರ ಅರ್ಧಕ್ಕೆ ಇಳಿಯಿತು. ನೂರಕ್ಕೆ ಐವತ್ತು ಕಡಿತ ಎಂದು ದಪ್ಪಕ್ಷರದಲ್ಲಿ ಬರೆಯಬಹುದು. ಆಕಾಶಕ್ಕೆ ಹೋದದ್ದು ಅದೇ ಹತ್ತು ಲಕ್ಷ ಟನ್. ಬೇಡಿಕೆ ಬೆಳೆಯುತ್ತಿರುವ ದೇಶದಲ್ಲಿ ಯೂನಿಟ್‌ವಾರು ಗುರಿ ಮೋಸವಲ್ಲ. ಆ ಹೊಸ 100 ಕೋಟಿಯೂ ಕಲ್ಲಿದ್ದಲಿನಿಂದ ಬಂದಿದ್ದರೆ ಹೊಗೆ ಇಮ್ಮಡಿಯಾಗುತ್ತಿತ್ತು. ಆದರೂ ಅದು ಒಟ್ಟು ಟನ್ ಇಳಿಸುವ ಮಾತಲ್ಲ. ವಾತಾವರಣಕ್ಕೆ ಗೊತ್ತಿರುವುದು ಒಟ್ಟು ಟನ್ ಒಂದೇ.

ಎರಡನೆಯದು ಸಾಮರ್ಥ್ಯದ ಭಾಷೆ. ದೇಶದ ಒಟ್ಟು ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಭಾಗ ಕಲ್ಲಿದ್ದಲು, ಅನಿಲ, ತೈಲ ಬಿಟ್ಟು ಬೇರೆ ಮೂಲಗಳದ್ದಾಗಿರಬೇಕು ಎಂದು ಭಾರತ 2030ಕ್ಕೆ ಗುರಿ ಇಟ್ಟಿತ್ತು. ಅದು 2025ರಲ್ಲೇ, ಐದು ವರ್ಷ ಮೊದಲೇ ಕೈಗೂಡಿತು. ಹೆಮ್ಮೆಯ ಸಂಗತಿಯೇ. ಆದರೆ ಸಾಮರ್ಥ್ಯ ಮೆಗಾವ್ಯಾಟ್‌ನಲ್ಲಿದೆ, ಹೊಗೆ ಯೂನಿಟ್ಟಿನಲ್ಲಿದೆ. ಸೋಲಾರ್ ರಾತ್ರಿ ಮಲಗುತ್ತದೆ, ಕಲ್ಲಿದ್ದಲಿನ ಘಟಕ ಹಗಲೂ ರಾತ್ರಿ ಓಡುತ್ತದೆ. ಆದ್ದರಿಂದ ಸಾಮರ್ಥ್ಯದಲ್ಲಿ ಅರ್ಧ ಇದ್ದರೂ ಹುಟ್ಟುವ ಯೂನಿಟ್ಟುಗಳಲ್ಲಿ ಕಲ್ಲಿದ್ದಲಿನ ಪಾಲು ಈಗಲೂ ಹತ್ತಿರ ಹತ್ತಿರ ಮುಕ್ಕಾಲು. ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿ 2032ಕ್ಕೆ 60 ಗಿಗಾವ್ಯಾಟ್ ನವೀಕರಿಸಬಹುದಾದ ವಿದ್ಯುತ್ತಿನ ಗುರಿ ಹೇಳಿಕೊಂಡಿದೆ. ಜೊತೆಗೆ ಹೊಸ ಕಲ್ಲಿದ್ದಲು ಘಟಕಗಳನ್ನೂ ಕಟ್ಟುತ್ತಿದೆ. ಸೇರಿಸುವುದರ ಬಗ್ಗೆ ಕೊಟ್ಟ ಮಾತಿನಲ್ಲಿ ನಿಲ್ಲಿಸುವುದರ ಬಗ್ಗೆ ಏನೂ ಇರಬೇಕಾಗಿಲ್ಲ.

ಮೂರನೆಯದು ಚೀಟಿಯ ವ್ಯಾಪಾರ. ಡೇರಿಗೇ ಮರಳಿ ಹೋಗೋಣ. ನಾಟಿ ಹಸುವಿನ ಹಾಲು ಟ್ಯಾಂಕರಿಗೆ ಬಿದ್ದಾಗಿದೆ. ಆದರೆ ಅಷ್ಟು ಲೀಟರ್ ನಾಟಿ ಹಾಲು ಹಾಕಿದ್ದೇನೆ ಎಂಬ ಚೀಟಿಯನ್ನು ರೈತ ಬೇರೆಯಾಗಿ ಮಾರುತ್ತಾನೆ. ಚೀಟಿ ಕೊಂಡವರು ತಾವು ಕುಡಿದದ್ದು ನಾಟಿ ಹಾಲು ಎಂದು ಬರೆದುಕೊಳ್ಳಬಹುದು. ಭಾರತದಲ್ಲಿ ಇಂಥ ಹಸಿರು ಚೀಟಿ, ಅಂದರೆ ಆರ್‌ಇಸಿ, 2011ರಿಂದ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ಬಿಕರಿಯಾಗುತ್ತಿದೆ. ಒಂದು ಚೀಟಿಗೆ ಸಾವಿರ ಯೂನಿಟ್. ಈ ದುಡ್ಡಿನಿಂದ ಹೊಸ ಗಾಳಿಯಂತ್ರ ಎದ್ದರೆ ಉಪಕಾರವೇ. ಹೇಗೂ ತಿರುಗುತ್ತಿದ್ದ ಹಳೆಯ ಯಂತ್ರದ ಚೀಟಿಯಾದರೆ ಹೊಗೆಯಲ್ಲಿ ಒಂದು ಗ್ರಾಂ ವ್ಯತ್ಯಾಸವೂ ಇಲ್ಲ. ಅದಕ್ಕೇ 2015ರಲ್ಲಿ ಪ್ರೋಟೋಕಾಲ್ ಒಂದು ಕಟ್ಟುಪಾಡು ತಂದಿತು: ಎರಡನೇ ಆವರಣವನ್ನು ಎರಡು ಬಗೆಯಲ್ಲಿ ಬರೆಯಬೇಕು. ಊರಿನ ಜಾಲದ ದರದಲ್ಲಿ ಒಮ್ಮೆ, ಚೀಟಿಗಳನ್ನು ಲೆಕ್ಕ ಹಿಡಿದು ಇನ್ನೊಮ್ಮೆ. ಎರಡರ ನಡುವಿನ ಅಂತರ ದೊಡ್ಡದಾಗಿದ್ದರೆ ಆ ಕಂಪನಿಯ ಹಸಿರು ಬಹುಪಾಲು ಕಾಗದದ ಮೇಲಿದೆ ಎಂದರ್ಥ.

ಎಲ್ಲಕ್ಕಿಂತ ದೂರದ್ದು ನೆಟ್ ಝೀರೋ, ನಿವ್ವಳ ಸೊನ್ನೆ. ಭಾರತದ ಗಡುವು 2070 ಎಂದು 2021ರಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿ ಘೋಷಿಸಿದರು. ದೇಶಗಳಿಗೆ ಅಷ್ಟು ದೂರದ ಗಡುವು ಸಹಜ. ಕಂಪನಿಯೊಂದು ಅಂಥ ದೂರದ ಇಸವಿ ಹೇಳಿ ಮುಂದಿನ ಐದು ವರ್ಷದ ಅಂಕಿ ಹೇಳದಿದ್ದರೆ ನಾನು ಆ ಪುಟವನ್ನು ಓದಲು ಹೋಗುವುದಿಲ್ಲ. ಯಾವ ಘಟಕ, ಯಾವ ವರ್ಷ ನಿಲ್ಲುತ್ತದೆ ಎಂಬ ಪಟ್ಟಿ ಇದ್ದರೆ ಮಾತ್ರ ಅದು ಯೋಜನೆ. ಕಲ್ಲಿದ್ದಲು ಘಟಕಗಳಿಗೆ ಆಯುಸ್ಸು ಇದೆ, ಸಾಲದ ಕಂತು ಇದೆ, ನೆಚ್ಚಿಕೊಂಡ ಊರು ಇದೆ. ಈ ಮೂರನ್ನೂ ಮುಟ್ಟದ ಭರವಸೆ ಗಾಳಿಯಲ್ಲೇ ಇರುತ್ತದೆ.

ಕಡತ ತೆರೆದೇ ಇದೆ

ಕರ್ನಾಟಕ ವಿದ್ಯುತ್ ನಿಗಮ ಷೇರುಪೇಟೆಯಲ್ಲಿಲ್ಲ. 1970ರಲ್ಲಿ ಹುಟ್ಟಿದ, ರಾಜ್ಯ ಸರ್ಕಾರದ ಸಂಸ್ಥೆ ಅದು. ಹಾಗಾಗಿ ಸೆಬಿಯ ನಮೂನೆ ತುಂಬುವ ಕಟ್ಟುಪಾಡು ಅದಕ್ಕಿಲ್ಲ. ಅಷ್ಟಕ್ಕೇ ರಾಯಚೂರಿನ ಲೆಕ್ಕ ಮುಚ್ಚಿಹೋಗಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ ಜಾಲದ ದರ ಕಟ್ಟುವಾಗ ದೇಶದ ಪ್ರತಿ ಸ್ಥಾವರದಿಂದ ಅಂಕಿ ತರಿಸಿಕೊಳ್ಳುತ್ತದೆ, ಕೂಡಿಸಿದ ಮೇಲೆ ಇಡೀ ಕೋಷ್ಟಕವನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ದೇಶದ ವಿದ್ಯುತ್ ಕ್ಷೇತ್ರದ ನೂರು ಕೋಟಿ ಟನ್ನಿಗೂ ಹೆಚ್ಚಿನ ವಾರ್ಷಿಕ ಹೊಗೆ ಅಲ್ಲಿ ಘಟಕವಾರು, ಸಾಲುಸಾಲಾಗಿ ಇದೆ. ಶಕ್ತಿನಗರಕ್ಕೂ, ಬಳ್ಳಾರಿಯ ಕುಡತಿನಿಗೂ, ವಿಜಯಪುರ ಜಿಲ್ಲೆಯ ಕೂಡಗಿಗೂ ಅದರಲ್ಲಿ ಸಾಲುಗಳಿವೆ. ದುಡ್ಡು ಕೊಡಬೇಕಾಗಿಲ್ಲ, ಮಾಹಿತಿ ಹಕ್ಕಿನ ಅರ್ಜಿಯೂ ಬೇಡ.

ಯಾವುದೇ ವಿದ್ಯುತ್ ಕಂಪನಿಯ ವರದಿ ಕೈಗೆ ಬಂದರೆ ಗಿಡ ನೆಡುವ ಫೋಟೋಗಳ ಪುಟಗಳನ್ನು ದಾಟಿ, ಆ ವರ್ಷ ಎಷ್ಟು ಟನ್ ಕಲ್ಲಿದ್ದಲು ಸುಟ್ಟರು ಎಂಬ ಸಾಲನ್ನು ಮೊದಲು ಹುಡುಕಿ. ನಮ್ಮ ನೆಲದ ಕಲ್ಲಿದ್ದಲಾದರೆ 1.4ರಿಂದ ಗುಣಿಸಿ. ಬಂದದ್ದನ್ನು ಅವರೇ ಮುದ್ರಿಸಿದ ಇಂಗಾಲದ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಎರಡೂ ದೂರದೂರ ಇದ್ದರೆ ಗೆರೆ ಎಲ್ಲಿ ಎಳೆದಿದ್ದಾರೆ ಎಂದು ಕೇಳಿ, ಪತ್ರ ಬರೆಯಿರಿ.